ಟಿಕೆಟ್ ಇಲ್ಲದ ಮರಿ

ಪರ ಪರ ಪರ… ಪರ ಪರ.

ವಾರದ ರಜೆಯ ಬೆಳಗ್ಗೆ ಕಂಡಕ್ಟರ್ ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೇ ಆ ಸದ್ದನ್ನು ಗುರುತು ಹಿಡಿಯಲು ನೋಡಿದ. ಬಸ್ಸಿನಲ್ಲಿ ಹುಟ್ಟುವ ಸದ್ದುಗಳೆಲ್ಲ ಅವನಿಗೆ ಕರತಲಾಮಲಕ. ಬೀಳಲೊಲ್ಲದ ಗೇರಿನ ನರಳಾಟ, ಸೀಟಿನ ಕೆಳಗೆ ಉರುಳುವ ನಾಣ್ಯ, ನಿಜವಾದ ಗೊರಕೆ, ಟಿಕೆಟ್ ತಪ್ಪಿಸಲೆಂದು ಹೊಡೆಯುವ ಗೊರಕೆ, ಎಲ್ಲವನ್ನೂ ಅವನು ಬೇರೆ ಬೇರೆಯಾಗಿ ಬಲ್ಲ. ಇದು ಅವುಗಳಲ್ಲಿ ಯಾವುದೂ ಅಲ್ಲ. ಹಾಗಾದರೆ ಇಲಿಯೇ ಇರಬೇಕು ಎಂದು ತೀರ್ಮಾನಿಸಿ ಮಗ್ಗುಲು ಬದಲಾಯಿಸುವಷ್ಟರಲ್ಲಿ, ಬೆಳಗಿನ ಪಾಳಿಗೆ ಹೊರಡುವ ಮುಂಚೆ ಹೆಂಡತಿ ಅವನ ಮುಖದ ಮೇಲೆ ಬಾಗಿ ಹೇಳಿದ್ದ ಮಾತು ನೆನಪಾಯಿತು. ಬೆನ್ನಿಗೆ ಬಿಸಿನೀರು ಸುರಿಸಿಕೊಂಡವನಂತೆ ಎದ್ದು ಕೂತ.

"ನೆಲ ಕೆರೆಯೋಕೆ ಶುರು ಮಾಡಿದ್ರೆ ಹೆರಿಗೆ ಹತ್ರ ಬಂತು ಅಂತ. ತಕ್ಷಣ ಫೋನ್ ಮಾಡಿ. ನೀವಾಗಿ ಏನೂ ಮಾಡ್ಬೇಡಿ. ಏನೂ ಅಂದ್ರೆ ಏನೂ."

ಸದ್ದು ಬರುತ್ತಿದ್ದುದು ಬಟ್ಟೆಯ ಬೀರುವಿನಿಂದ. ಕೆಳಗಿನ ಖಾನೆಯಲ್ಲಿ ದೊರೆಸಾನಿ ನಿಂತಿದ್ದಳು. ಸಂಪೂರ್ಣ ಕಪ್ಪು ಮೈ, ಅರ್ಧ ಮುಚ್ಚಿದ ಕಣ್ಣು, ಆಸ್ಥಾನದಲ್ಲಿ ಕುಳಿತಂತಹ ಗಾಂಭೀರ್ಯ. ಮುಂಗಾಲುಗಳಿಂದ ಮಾತ್ರ ಅವನ ಇಸ್ತ್ರಿ ಮಾಡಿದ ಯೂನಿಫಾರ್ಮ್ ಶರ್ಟನ್ನು ಮಣ್ಣು ಅಗೆಯುವಂತೆ ಅಗೆಯುತ್ತಿದ್ದಳು.

ಈ ಮನೆಯ ಪದವಿಗಳ ಅನುಕ್ರಮವನ್ನು ಇಲ್ಲಿಯೇ ಹೇಳಿಬಿಡಬೇಕು. ಮೊದಲು ಹೆಂಡತಿ, ಆಮೇಲೆ ಹೆಂಡತಿಯ ನಾಯಿ ದೊರೆಸಾನಿ, ಆಮೇಲೆ (ಜಾಗ ಉಳಿದಿದ್ದರೆ) ಕಂಡಕ್ಟರ್. ಹೆಂಡತಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸು. ಇಡೀ ಬೀದಿ ಅವಳನ್ನು ಸಿಸ್ಟರ್ ಎಂದೇ ಕರೆಯುವುದರಿಂದ ಒಮ್ಮೆ ಅವನ ಬಾಯಿಂದಲೂ ಅದೇ ಬಂದುಬಿಟ್ಟು, ಮನೆಯಲ್ಲಿ ವಾರಗಟ್ಟಲೆ ಮಾತು ನಿಂತಿತ್ತು. ಹೊಟ್ಟೆಯ ಮೇಲೆ ಅಂಗೈ ಇಟ್ಟರೆ ಸಾಕು, ಒಳಗಿರುವುದು ಎಷ್ಟು, ಯಾವಾಗ ಹೊರಬರುತ್ತದೆ ಎಂದು ಹೇಳಬಲ್ಲ ಕೈ ಅವಳದು. ದೊರೆಸಾನಿಯ ಹೊಟ್ಟೆ ಊದತೊಡಗಿದಾಗಲೂ ಅಂಗೈ ಇಟ್ಟು, ಕಣ್ಣು ಮುಚ್ಚಿ, "ನಾಲ್ಕಕ್ಕೆ ಕಮ್ಮಿ ಇಲ್ಲ," ಎಂದು ಘೋಷಿಸಿದ್ದಳು. ಅಲ್ಲಿಗೆ ಮುಗಿಯಿತು. ಆ ಕೈಯ ಮೇಲೆ ಅಪೀಲು ಇಲ್ಲ.

ಕಂಡಕ್ಟರಿನ ಕೈಯ ಬಗ್ಗೆ ಅವಳಿಗಿದ್ದ ಅಭಿಪ್ರಾಯವೇ ಬೇರೆ. ಅಕ್ವೇರಿಯಂನ ಮೀನುಗಳಿಗೆ ಪ್ರೀತಿ ಹೆಚ್ಚಾಗಿ ತಿನ್ನಿಸಿ ತಿನ್ನಿಸಿ ಅವುಗಳನ್ನು ಮೇಲಕ್ಕೆ (ಎರಡೂ ಅರ್ಥದಲ್ಲಿ) ಕಳಿಸಿದವನು ಅವನು. ಯಾರೂ ನೀರು ಹಾಕದಿದ್ದರೂ ಬದುಕುತ್ತದೆಂದು ಅಂಗಡಿಯವನು ಆಣೆ ಮಾಡಿ ಕೊಟ್ಟ ಕಳ್ಳಿಗಿಡವನ್ನು ನೀರು ಹಾಕಿಯೇ ಕೊಂದವನು. "ಉಸಿರಾಡೋ ಯಾವುದನ್ನೂ ಇವ್ರ ಕೈಗೆ ಕೊಡ್ಬಾರ್ದು," ಎಂದು ಅವಳು ನೆಂಟರ ಮುಂದೆ ನಗುತ್ತಲೇ ಹೇಳುತ್ತಿದ್ದಳು. ಅವನೂ ನಗುತ್ತಿದ್ದ. ಆದರೆ ದಿನಾ ಒಂದು ಬಸ್ಸಿನ ತುಂಬ ಜೀವಗಳನ್ನು ಎಣಿಸಿ ಹತ್ತಿಸಿ, ಎಣಿಸಿ ಇಳಿಸುವ ಮನುಷ್ಯನಿಗೆ ಆ ಮಾತು ಎಲ್ಲೋ ಒಳಗೆ ಮುಳ್ಳಿನ ಹಾಗೆ ಮುರಿದುಕೊಂಡು ಉಳಿದಿತ್ತು. ಇವತ್ತು ಅವಳು ಪಾಳಿ ಮುಗಿಸಿ ಬರುವ ಹೊತ್ತಿಗೆ ತಾಯಿ ಮಕ್ಕಳು ಸುಖವಾಗಿರಬೇಕು, ಅದನ್ನು ನೋಡಿ ಅವಳು ಒಂದೇ ಒಂದು ಒಳ್ಳೆಯ ಮಾತು ಆಡಬೇಕು. ಅಷ್ಟು ಸಿಕ್ಕರೆ ಸಾಕಿತ್ತು ಅವನಿಗೆ.

ಫೋನ್ ಮಾಡಿದ. "ಶುರುವಾಯ್ತು! ಕೆರೀತಿದ್ದಾಳೆ!"

"ಗಾಬರಿ ಆಗ್ಬೇಡಿ," ಅಂದಳು. ಹಿಂದಿನಿಂದ ವಾರ್ಡಿನ ಗದ್ದಲ ಕೇಳುತ್ತಿತ್ತು. "ಉದ್ದಕ್ಕೆ ಉಸಿರೆಳ್ಕೊಳ್ಳಿ."

ಎಳೆದುಕೊಂಡ.

"ನಿಧಾನಕ್ಕೆ ಬಿಡಿ."

ಬಿಟ್ಟ. ಎಷ್ಟು ಕಾಳಜಿ ನನ್ನ ಮೇಲೆ ಎಂದು ಎದೆ ತುಂಬಿತು.

"ಈಗ ಎಡ ಮಗ್ಗುಲಾಗಿ ಮಲ್ಕೊಂಡು ಮೊಣಕಾಲು ಮಡಚಿ."

ಇದೇಕೆಂದು ತಿಳಿಯಲಿಲ್ಲ. ಆದರೆ ತಾನಾಗಿ ಏನೂ ಮಾಡಬಾರದು ಎಂಬ ಆಜ್ಞೆಯ ಅರ್ಥ ಹೇಳಿದ್ದನ್ನೆಲ್ಲ ಮಾಡಬೇಕೆಂದೇ ಅಲ್ಲವೆ? ಫೋನನ್ನು ಕಿವಿಗೊತ್ತಿಕೊಂಡು ನೆಲದ ಮೇಲೆ ಎಡಕ್ಕೆ ಮಲಗಿ ಮೊಣಕಾಲು ಮಡಚಿದ. ದೊರೆಸಾನಿ ಕೆರೆಯುವುದನ್ನು ನಿಲ್ಲಿಸಿ, ಬೀರುವಿನಿಂದ ಕತ್ತು ಚಾಚಿ ಅವನನ್ನೇ ನೋಡಿದಳು.

"ಮಲಗಿದೀನಿ," ಅಂದ.

"ನೀವ್ಯಾಕೆ ಮಲಗಿದ್ರಿ? ಅಯ್ಯೋ ಕರ್ಮ, ನಾನು ಇಲ್ಲಿ ನೋವು ತಿಂತಿರೋಳಿಗೆ ಹೇಳ್ತಿದೀನಿ! ಏಳಿ ಮೇಲೆ! ಹಿಂದಿನ ವರಾಂಡದಲ್ಲಿ ಪೆಟ್ಟಿಗೆ ಇಟ್ಟಿದೀನಿ, ಅವಳನ್ನ ಅಲ್ಲಿಗೆ ಕರ್ಕೊಂಡೋಗಿ. ಬಾಗಿಲು ತೆಗೆದಿರಲಿ, ಗಾಳಿ ಬೇಕು. ನೀರು ಕಾಯಿಸಿ, ಟವೆಲ್ ತಗೊಳ್ಳಿ. ಮತ್ತೆ ಎದುರಿಗೆ ಕೂತು ದುರುಗುಟ್ಟಿ ನೋಡ್ಬೇಡಿ. ನಾಚ್ಕೋತಾಳೆ."

ದೊರೆಸಾನಿಯನ್ನು ಪೆಟ್ಟಿಗೆಯಲ್ಲಿ ಪ್ರತಿಷ್ಠಾಪಿಸಿ, ಹಿತ್ತಲ ಬಾಗಿಲು ತೆರೆದಿಟ್ಟು, ಕಂಡಕ್ಟರ್ ನೀರು ಕಾಯಿಸಲು ಅಡುಗೆಮನೆಗೆ ಹೋದ. ಬಿಸಿನೀರಿನ ಪಾತ್ರೆ ಹಿಡಿದು ಬರುವಷ್ಟರಲ್ಲಿ ಪೆಟ್ಟಿಗೆಯಲ್ಲಿ ಒಂದು ಮರಿ ಇತ್ತು.

ಕಂದು ಬಣ್ಣದ, ಒಂದು ಹಿಡಿಯಷ್ಟು ಜೀವ. ಕಣ್ಣು ಮುಚ್ಚಿಕೊಂಡು ಏನನ್ನೋ ಹುಡುಕುವಂತೆ ಮೂಗಾಡಿಸುತ್ತಿತ್ತು. ಮೈ ಆಗಲೇ ನೆಕ್ಕಿ ಒರೆಸಿ ಸ್ವಚ್ಛ. ದೊರೆಸಾನಿ ಅದರ ತಲೆಯ ಮೇಲೆ ಗದ್ದ ಊರಿ, ನನಗೇನೂ ಗೊತ್ತಿಲ್ಲ ಎಂಬಂತೆ ಗೋಡೆ ನೋಡುತ್ತಿದ್ದಳು. ಕಂಡಕ್ಟರಿಗೆ ಸಂತೋಷವಾಯಿತು. ಸ್ವಲ್ಪ ಅವಮಾನವೂ ಆಯಿತು. ಇಷ್ಟೆಲ್ಲ ಸಿದ್ಧತೆ ಮಾಡಿ, ಬಸ್ಸು ಹೊರಟ ಮೇಲೆ ನಿಲ್ದಾಣ ತಲುಪಿದಂತಾಗಿತ್ತು.

ಟವೆಲು ತರಲು ಹೋಗಿ ಬಂದ. ಎರಡಾಗಿದ್ದವು. ಕತ್ತರಿ ಹುಡುಕಿ ಬಂದ. ಮೂರು.

"ಒಂದನ್ನೂ ನಾನು ನೋಡ್ಲಿಲ್ಲ ಕಣೇ," ಎಂದು ಫೋನಿನಲ್ಲಿ ಅಳುಮೋರೆ ಮಾಡಿದ. "ತಿರುಗೋದ್ರಲ್ಲಿ ಹೆತ್ತು, ಒರೆಸಿ, ಕೂತಿರ್ತಾಳೆ."

"ಹೊಕ್ಕಳ ಬಳ್ಳಿ?"

"ಅದೂ ಇಲ್ಲ. ಎಲ್ಲಾ ಕ್ಲೀನು."

"ನನ್ ಮಗಳು ಅಂದ್ರೆ ಹಾಗೆ," ಎಂದು ಹೆಂಡತಿ ಉಬ್ಬಿದಳು. "ಬಣ್ಣ?"

"ಮೂರೂ ಕಂದು."

"ಕಂದಾ? ಇವಳು ಕಾಡಿಗೆ ಕಪ್ಪು."

"ಅಪ್ಪನ ಹಾಗಿರ್ಬೇಕು."

"ಯಾರವನು?" ಎಂದು ಕೇಳಿದಳು, ಬೆಳೆದ ಮಗಳ ತಾಯಿಯ ದನಿಯಲ್ಲಿ. ಅವನಿಗೇನು ಗೊತ್ತು? ಆ ವಿಷಯದಲ್ಲಿ ದೊರೆಸಾನಿ ಅವನ ಅಪ್ಪಣೆ ಕೇಳಿರಲಿಲ್ಲ.

ಮಾತು ಮುಗಿಸಿ ವರಾಂಡಕ್ಕೆ ಬಂದು ನೋಡಿದರೆ ಮರಿಗಳು ಎರಡು.

ಕಂಡಕ್ಟರ್ ಮುಂದಿನಿಂದ ಹಿಂದಕ್ಕೆ ಎಣಿಸಿದ. ಹಿಂದಿನಿಂದ ಮುಂದಕ್ಕೆ ಎಣಿಸಿದ. ಬಟ್ಟೆ ಎತ್ತಿ ಕೊಡವಿದ. ದೊರೆಸಾನಿಯನ್ನು ಎಬ್ಬಿಸಿ ಅವಳು ಕೂತಿದ್ದ ಜಾಗ ನೋಡಿದ. ಎರಡೇ. ಲೆಕ್ಕ ತಪ್ಪುವ ಮನುಷ್ಯನಲ್ಲ ಅವನು. ನೂಕುನುಗ್ಗಲಿನ ಬಸ್ಸಿನಲ್ಲಿ, ಅಮ್ಮಂದಿರ ಸೆರಗಿನೊಳಗೆ ಅಡಗಿಕೊಂಡ ಮಕ್ಕಳನ್ನೂ ಸೇರಿಸಿ ತಲೆ ಎಣಿಸಿದವನು. ಎದುರಿಗೇ ಇರುವ ಮೂರನ್ನು ಎಣಿಸಲಾರನೆ?

ಮೇಲ್ಮನೆಯ ಟೈಲರಮ್ಮ ಕಿಟಕಿಯಿಂದ ಬಗ್ಗಿದಳು. ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡೇ ಊರಿನ ಸುದ್ದಿಯನ್ನೆಲ್ಲ ಆಡಬಲ್ಲ ಹೆಂಗಸು ಅವಳು.

"ಏನ್ ಕಂಡಕ್ಟ್ರೇ, ಎಷ್ಟಾದ್ವು?"

"ಮೂರು. ಅಂದ್ರೆ, ಎರಡು. ಮೂರಿತ್ತು."

"ಓ," ಎಂದು ಟೈಲರಮ್ಮ ಸೂಜಿಗಳನ್ನೆಲ್ಲ ಕೈಗೆ ಉಗಿದುಕೊಂಡು ದನಿ ಇಳಿಸಿದಳು. "ಕೆಲವು ನಾಯಿಗಳು ತಿಂದ್ಬಿಡ್ತವೆ. ಗಾಬರಿಯಾದ್ರೆ. ಮನೆಯವರನ್ನ ನೋಡಿ ಗಾಬರಿಯಾದ್ರೂ ತಿಂತವಂತೆ."

ಕಂಡಕ್ಟರ್ ದೊರೆಸಾನಿಯ ಹತ್ತಿರ ಹೋಗಿ, "ಅಮ್ಮಾ ತಾಯಿ, ಸ್ವಲ್ಪ ಬಾಯಿ ತೆಗಿ," ಎಂದು ಕೈಮುಗಿದ. ದೊರೆಸಾನಿ ದೊಡ್ಡದಾಗಿ ಆಕಳಿಸಿದಳು. ಒಳಗೆ ನಾಲಿಗೆ ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಆ ಹೊತ್ತಿಗೇ ಫೋನ್ ಹೊಡೆದುಕೊಂಡಿತು. "ಹೇಗಿದಾರೆ ಮೂರೂ ಜನ?"

"ಚೆನ್ನಾಗಿದಾರೆ."

"ಮೂರೂ?"

"ಹೂಂ… ಸುಮಾರು ಮೂರು."

"ಸುಮಾರು ಮೂರಾ? ಅದೇನು ದೂರಾನಾ ಸುಮಾರಾಗಿ ಹೇಳೋಕೆ? ರೀ, ಅಲ್ಲಿ ಏನ್ ಮಾಡಿಟ್ಟಿದೀರಾ?"

"ಏನೂ ಮಾಡಿಲ್ಲ ಕಣೇ, ನೀನೇ ಏನೂ ಮಾಡ್ಬೇಡಿ ಅಂದಿದ್ಯಲ್ಲ!"

ಫೋನ್ ಇಟ್ಟು, ಬಚ್ಚಲಿಗೆ ಹೋಗಿ ಮುಖಕ್ಕೆ ತಣ್ಣೀರು ಎರಚಿಕೊಂಡ. ಮೀನು ಹೋದವು, ಕಳ್ಳಿ ಹೋಯಿತು, ಈಗ ಇದೂ. ಸಂಜೆ ಹೆಂಡತಿಯ ಮುಖವನ್ನು ಹೇಗೆ ನೋಡುವುದು? ಹಿಂತಿರುಗಿ ಬಂದು, ನೋಡಲು ಧೈರ್ಯವಿಲ್ಲದೆ ಒಂದೇ ಕಣ್ಣು ತೆರೆದು ಪೆಟ್ಟಿಗೆಯೊಳಗೆ ಇಣುಕಿದ.

ನಾಲ್ಕು ಮರಿಗಳಿದ್ದವು.

ಕಂಡಕ್ಟರ್ ಅಲ್ಲೇ ನೆಲಕ್ಕೆ ಕೂತ. ತಿಂದದ್ದನ್ನು ವಾಪಸು ಕೊಡುವ ಪದ್ಧತಿ ನಾಯಿಗಳಲ್ಲಿ ಉಂಟೇ? ಅಥವಾ ತನ್ನ ತಲೆಯೇ ಕೈಕೊಟ್ಟಿತೇ? ಇಷ್ಟು ವರ್ಷ ಬಸ್ಸಿನಲ್ಲಿ ಕುಲುಕಾಡಿದ ಮಿದುಳು ಕೊನೆಗೊಂದು ದಿನ ಜಾಗ ಬಿಟ್ಟಿರಬಹುದು. ಬಹಳ ಹೊತ್ತು ಯೋಚಿಸಿದ. ಆಮೇಲೆ, ಬುದ್ಧಿ ಸೋತ ಜಾಗದಲ್ಲಿ ವೃತ್ತಿ ಕೈಹಿಡಿಯಿತು. ಬಸ್ಸಿನಲ್ಲಿ ತಲೆಗಳ ಲೆಕ್ಕ ಕೂಡದಿದ್ದಾಗ ಏನು ಮಾಡುತ್ತಾರೆ? ಮತ್ತೆ ಮತ್ತೆ ತಲೆ ಎಣಿಸುವುದಿಲ್ಲ. ಟಿಕೆಟ್ ನೋಡುತ್ತಾರೆ.

ರಜೆಯ ದಿನವೂ ಕಿವಿಯ ಮೇಲೆ ಇರುತ್ತಿದ್ದ ನೀಲಿ ಪೆನ್ನನ್ನು ತೆಗೆದ. ಒಂದೊಂದೇ ಮರಿಯನ್ನು ಅಂಗೈಯಲ್ಲಿ ಎತ್ತಿ, ಕೂದಲಿಲ್ಲದ ಗುಲಾಬಿ ಹೊಟ್ಟೆಯ ಮೇಲೆ ಹಗುರಾಗಿ ಒಂದು ಗೀರು ಎಳೆದ. ಅಂಗೈಗೆ ಆ ಹೊಟ್ಟೆಗಳು ಬೆಚ್ಚಗೆ ತಾಗುತ್ತಿದ್ದವು. ಒಳಗೆ ಗುಬ್ಬಿಯ ರೆಕ್ಕೆಯಂಥದ್ದೇನೋ ಪಟಪಟನೆ ಬಡಿಯುತ್ತಿತ್ತು. "ಎಲ್ರೂ ಟಿಕೆಟ್ ತಗೊಂಡ್ರಾ?" ಎಂದು ಅಭ್ಯಾಸಬಲದಿಂದ ಕೇಳಿದ. ಯಾರೂ ಚಿಲ್ಲರೆ ಕೇಳಲಿಲ್ಲ.

ಅಡುಗೆಮನೆಗೆ ಹೋಗಿ, ಬೇಕಂತಲೇ ಪಾತ್ರೆಗಳನ್ನು ಸದ್ದು ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಬಂದ. ಮರಿಗಳು ಮತ್ತೆ ನಾಲ್ಕೇ. ನೆಮ್ಮದಿಯಿಂದ ತಪಾಸಣೆಗೆ ಇಳಿದ. ಮೊದಲನೆಯದು ಗೀರು, ಎರಡನೆಯದು ಗೀರು, ಮೂರನೆಯದು ಗೀರು. ನಾಲ್ಕನೆಯ ಮರಿಯ ಹೊಟ್ಟೆ ಬಿಳಿ ಕಾಗದದಂತೆ ಖಾಲಿ.

ಟಿಕೆಟ್ ಇಲ್ಲದ ಪ್ರಯಾಣಿಕ!

ಅಂದರೆ ಟಿಕೆಟ್ ಪಡೆದ ಒಬ್ಬರು ಇಳಿದಿದ್ದಾರೆ, ಪಡೆಯದ ಒಬ್ಬರು ಹತ್ತಿದ್ದಾರೆ. ಅಂದರೆ ಈ ಬಸ್ಸಿಗೆ ತನಗೆ ಗೊತ್ತಿಲ್ಲದ ಇನ್ನೊಂದು ನಿಲ್ದಾಣವಿದೆ. ಕಂಡಕ್ಟರಿನ ಮೈಯಲ್ಲಿ ವಿದ್ಯುತ್ತು ಹರಿಯಿತು. ಒಣಗಲು ಹಾಕಿದ್ದ ಬೆಡ್‌ಶೀಟಿನ ಹಿಂದೆ ಹೋಗಿ, ಉಸಿರು ಬಿಗಿಹಿಡಿದು ನಿಂತ. (ಮೇಲ್ಮನೆಯ ಕಿಟಕಿಗೆ ಶೀಟಿನ ಕೆಳಗಿನಿಂದ ಎರಡು ಪಾದಗಳು ಮಾತ್ರ ಕಾಣುತ್ತಿದ್ದವು. ಹೊಲಿಗೆ ಯಂತ್ರ ನಿಂತಿತು.)

ಹಿತ್ತಲ ಬಾಗಿಲಿನಲ್ಲಿ ಒಂದು ಬಡಕಲು ಕಂದು ನಾಯಿ ಕಾಣಿಸಿಕೊಂಡಿತು. ಯಾರ ಮನೆಯದೂ ಅಲ್ಲ, ಎಲ್ಲ ಬೀದಿಯದೂ ಹೌದು ಎಂಬಂತಹ ನಾಯಿ. ತೂರಾಡುತ್ತ ಒಳಗೆ ಬಂತು, ಪೆಟ್ಟಿಗೆಗೆ ತಲೆ ಹಾಕಿತು, ಒಂದು ಮರಿಯನ್ನು ಕತ್ತಿನ ಹತ್ತಿರ ಮೆತ್ತಗೆ ಕಚ್ಚಿ ಎತ್ತಿಕೊಂಡು ಹೊರಟಿತು. ದೊರೆಸಾನಿ ಬೊಗಳಲಿಲ್ಲ. ಸಾಲ ಕೊಟ್ಟವರು ಮನೆಗೆ ಬಂದಾಗ ತಗ್ಗಿಸುವಂತೆ ತಲೆ ತಗ್ಗಿಸಿದಳು. ಆ ನಾಯಿ ಹೋದ ಸ್ವಲ್ಪ ಹೊತ್ತಿಗೆ ತಾನೂ ಎದ್ದು, ಆಚೆ ಈಚೆ ನೋಡಿ, ಅದರ ಹಿಂದೆಯೇ ಹೋದಳು. ಬರುವಾಗ ಬಾಯಲ್ಲಿ ಒಂದು ಮರಿ ಇತ್ತು.

ಅವಳು ಬೆಳಗಿನಿಂದ ಹೆತ್ತದ್ದು ಏನೂ ಇರಲಿಲ್ಲ. ಕದ್ದದ್ದು ಮಾತ್ರ ಇತ್ತು.

ಕಂಡಕ್ಟರ್ ಅವಳು ಬಂದ ದಾರಿ ಹಿಡಿದು ಹೋದ. ಹಿತ್ತಲ ಮೂಲೆಯಲ್ಲಿ ನೀರಿನ ಪಂಪಿನ ಷೆಡ್ಡು. ಡಿಪೋದಲ್ಲಿ ಎಸೆದಿದ್ದ ಬಸ್ಸಿನ ಉದ್ದ ಸೀಟೊಂದನ್ನು ಕಂಡಕ್ಟರ್ ಒಮ್ಮೆ ಮಮಕಾರದಿಂದ ಹೊತ್ತು ತಂದಿದ್ದ. ಹೆಂಡತಿ ಅದಕ್ಕೆ ಮನೆಯೊಳಗೆ ಪ್ರವೇಶ ಕೊಡದೆ ಅಲ್ಲಿಗೆ ಗಡೀಪಾರು ಮಾಡಿದ್ದಳು. ಅದರ ಮೇಲೆ ಕಂದು ನಾಯಿ ಮಲಗಿತ್ತು. ಹೊಟ್ಟೆ ಏರಿಳಿಯುತ್ತಿತ್ತು. ಪಕ್ಕದಲ್ಲಿ ವಾಪಸು ತಂದ ಮರಿ, ನೀಲಿ ಗೀರಿನೊಂದಿಗೆ. ಬಾಲದ ಬಳಿ ಇನ್ನೊಂದು ಮರಿಯ ಹಿಂಗಾಲುಗಳು ಹೊರಗೆ ಬಂದು ಅಲ್ಲಿಗೇ ನಿಂತಿದ್ದವು. ನಾಯಿ ತಿಣುಕಿ ಮುಕ್ಕಿತು. ಕಾಲುಗಳು ಅಲುಗಲಿಲ್ಲ. ಅದು ತಲೆ ಎತ್ತಿ ಅವನನ್ನು ನೋಡಿತು. ಓಡಿಹೋಗುವ ಶಕ್ತಿ ಇಲ್ಲದ್ದಕ್ಕೆ ನಂಬಲು ಒಪ್ಪಿಕೊಂಡ ಹಾಗಿತ್ತು ಆ ನೋಟ.

"ಇನ್ನೊಂದು ಬರ್ತಿದೆ," ಎಂದ ಫೋನಿನಲ್ಲಿ. "ಸಿಕ್ಕಾಕ್ಕೊಂಡಿದೆ. ಕಾಲು ಮಾತ್ರ ಕಾಣ್ತಿದೆ."

ಹೆಂಡತಿಯ ದನಿ ತಟ್ಟನೆ ಬದಲಾಯಿತು. ಅದು ಮನೆಯ ದನಿಯಲ್ಲ, ವಾರ್ಡಿನ ದನಿ. "ಫೋನನ್ನ ಸ್ಪೀಕರಿಗೆ ಹಾಕಿ ಪಕ್ಕದಲ್ಲಿಡಿ. ಕೈ ತೊಳೆದಿದೀರಾ? ಟವೆಲಲ್ಲಿ ಹಿಡ್ಕೊಳ್ಳಿ. ಎಳೀಬೇಡಿ. ಅವಳು ಮುಕ್ಕಿದಾಗ ಮಾತ್ರ, ಕೆಳಗಡೆಗೆ, ಅವಳ ಕಾಲಿನ ಕಡೆಗೆ. ಅವಳು ನಿಲ್ಲಿಸಿದ್ರೆ ನೀವೂ ನಿಲ್ಲಿಸಿ."

ಟವೆಲು ವರಾಂಡದಲ್ಲಿತ್ತು. ಕಂಡಕ್ಟರ್ ಶರ್ಟು ಬಿಚ್ಚಿದ. ನಾಯಿ ಮುಕ್ಕಿತು, ಅವನು ಹಿಡಿದ. ನಾಯಿ ನಿಲ್ಲಿಸಿತು, ಅವನೂ ನಿಲ್ಲಿಸಿದ. ಮತ್ತೆ. ಮತ್ತೆ. ಜಾರುವ ಒಂದು ಮೀನಿನಂತೆ ಮರಿ ಅವನ ಕೈಗೆ ಬಂತು. ತೆಳ್ಳನೆಯ ಪೊರೆಯೊಳಗೆ, ಎಲ್ಲಕ್ಕಿಂತ ಚಿಕ್ಕದು, ನಿಶ್ಚಲ.

"ಬಂತು. ಅಲ್ಲಾಡ್ತಿಲ್ಲ."

"ಪೊರೆ ಹರೀರಿ. ಬಾಯಿ ಮೂಗು ಒರೆಸಿ. ತಲೆ ಕೆಳಗೆ ಮಾಡಿ ಉಜ್ಜಿ. ಮೆತ್ತಗಲ್ಲ, ಗಟ್ಟಿಯಾಗಿ."

ಉಜ್ಜಿದ. ಶರ್ಟಿನ ಜೇಬಿನಲ್ಲಿ ಮರಿಯ ತಲೆ ಇತ್ತು, ತೋಳಿನಲ್ಲಿ ಬೆನ್ನು. ಉಜ್ಜುತ್ತಲೇ ಹೋದ. ಷೆಡ್ಡಿನಲ್ಲಿ ಬೇರೆ ಸದ್ದಿರಲಿಲ್ಲ. ದೊರೆಸಾನಿ ಬಾಗಿಲಲ್ಲಿ ಬಂದು ನಿಂತಿದ್ದಳು, ಬಾಯಲ್ಲಿ ಏನೂ ಇಲ್ಲದೆ.

"ರೀ," ಎಂದಿತು ಫೋನು ಎಷ್ಟೋ ಹೊತ್ತಿನ ಮೇಲೆ. ವಾರ್ಡಿನ ದನಿ ಮೆತ್ತಗಾಗಿತ್ತು. "ಸಾಕು ಬಿಡಿ. ಒಂದೊಂದ್ಸಲ ಹಾಗಾಗತ್ತೆ."

ಅವನು ಬಿಡಲಿಲ್ಲ. "ಏಳಪ್ಪಾ, ನಿಲ್ದಾಣ ಬಂತು," ಎಂದು ಹೇಳುತ್ತ ಉಜ್ಜಿದ. "ಏಳು, ಏಳು ರಾಜ, ಇಳೀಬೇಕು," ಎನ್ನುತ್ತ ಉಜ್ಜಿದ. ಕಣ್ಣು ಮಂಜಾಗಿ ಮರಿ ಎಲ್ಲಿ, ಶರ್ಟು ಎಲ್ಲಿ ಎಂದು ತಿಳಿಯದಂತಾಯಿತು. ಆಗ ಅಂಗೈಯೊಳಗೆ ಏನೋ ಸೆಟೆದುಕೊಂಡಿತು. ತುಕ್ಕು ಹಿಡಿದ ಸಣ್ಣ ತಿರುಗಣಿ ತಿರುಗಿದ ಹಾಗೆ, ಕೀಂ.

ಫೋನಿನ ಆ ತುದಿಯಲ್ಲಿ ಮೂಗು ಒರೆಸಿಕೊಂಡ ಸದ್ದು ಕೇಳಿ, ಲೈನು ಕಟ್ಟಾಯಿತು.

ಸಂಜೆ ಹೆಂಡತಿ ಚಪ್ಪಲಿಯನ್ನೂ ಬಿಡದೆ ವರಾಂಡಕ್ಕೆ ನುಗ್ಗಿದಳು. "ಎಲ್ಲಿ ನನ್ ಮಗಳು? ವಾರ್ಡಿಗೆಲ್ಲಾ ಅಜ್ಜಿ ಆದೆ ಅಂತ ಹೇಳ್ಕೊಂಡು ಬಂದಿದೀನಿ!"

"ಮೊದ್ಲು ಕೂತ್ಕೋ," ಎಂದ ಬನಿಯನ್ನಿನಲ್ಲಿದ್ದ ಕಂಡಕ್ಟರ್. "ನೀನು ಅಜ್ಜಿ ಆಗಿಲ್ಲ."

ನಡೆದದ್ದನ್ನೆಲ್ಲ ಹೇಳಿದ. ಷೆಡ್ಡಿಗೆ ಕರೆದುಕೊಂಡು ಹೋಗಿ ನಿಜವಾದ ಬಾಣಂತಿಯನ್ನೂ, ಈಗ ಅವಳ ಬಳಿಗೇ ಸೇರಿಸಿದ್ದ ಆರು ಮರಿಗಳನ್ನೂ ತೋರಿಸಿದ. ಹೆಂಡತಿ ಒಪ್ಪಲಿಲ್ಲ. ವರಾಂಡಕ್ಕೆ ಬಂದು ದೊರೆಸಾನಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟಳು, ಕಣ್ಣು ಮುಚ್ಚಿದಳು.

"ನೋಡಿ, ಹಾಲು ತುಂಬಿದೆ! ಬಸಿರಿಲ್ದೆ ಹಾಲು ಎಲ್ಲಿಂದ ಬರತ್ತೆ?"

"ಅದನ್ನ ನೀನು ಹೇಳ್ಬೇಕು. ಕೈ ನಿಂದು."

ಅವಳು ತುಟಿ ಅಲುಗದಂತೆ, "ಹುಸಿ ಬಸಿರು," ಅಂದಳು.

"ಏನಂದೆ? ಕೇಳಿಸ್ಲಿಲ್ಲ."

"ಕೇಳಿಸಿದೆ ನಿಮಗೆ."

ಟೈಲರಮ್ಮ ಅಳತೆಯ ಟೇಪು ಕೊರಳಲ್ಲಿರುವಂತೆಯೇ ಇಳಿದು ಬಂದಿದ್ದಳು. "ಅದೇನು ಸಿಸ್ಟರ್, ನಾಯಿಗೂ ಆಗತ್ತಾ ಅದು?"

"ಆಸೆ ಇರೋರಿಗೆಲ್ಲ ಆಗತ್ತೆ," ಎಂದಳು ಸಿಸ್ಟರ್. ದೊರೆಸಾನಿಯ ಕಿವಿ ಸವರುತ್ತ, "ಕದ್ಯೇನೇ, ಕಳ್ಳಿ?" ಎಂದು ಕೇಳಿದಳು. ದೊರೆಸಾನಿ ಖಾಲಿ ಪೆಟ್ಟಿಗೆಯ ಬಟ್ಟೆಯನ್ನು ಮೂಗಿನಿಂದ ಸರಿಪಡಿಸುತ್ತಿದ್ದಳು.

ಆಮೇಲೆ ಹೆಂಡತಿಯೇ ಎದ್ದು ಷೆಡ್ಡಿಗೆ ಹೋದಳು. ಕಂದು ನಾಯಿಯ ಮೊಲೆಗಳಿಗೆ ದಪ್ಪ ಮರಿಗಳು ಮುತ್ತಿಗೆ ಹಾಕಿದ್ದವು. ಎಲ್ಲಕ್ಕಿಂತ ಚಿಕ್ಕದು ಜಾಗ ಸಿಗದೆ ಫುಟ್‌ಬೋರ್ಡಿನ ಪ್ರಯಾಣಿಕನಂತೆ ಅಂಚಿನಲ್ಲಿ ಜೋತಿತ್ತು. ಅದನ್ನು ಎತ್ತಿ ತಂದು ದೊರೆಸಾನಿಯ ಹೊಟ್ಟೆಗೆ ಒತ್ತಿ ಹಿಡಿದಳು. ಕುರುಡು ಮೂಗು ಅಲೆದಾಡಿತು, ಹುಡುಕಿತು, ಕಚ್ಚಿಕೊಂಡಿತು. ದೊರೆಸಾನಿ ಉಸಿರಾಡಿದರೆ ಎಲ್ಲಿ ಬಿಟ್ಟುಹೋಗುವುದೋ ಎಂಬಂತೆ ಕಲ್ಲಾಗಿ ಮಲಗಿದಳು. ಮೂವರೂ ಅದನ್ನೇ ನೋಡುತ್ತ ಕೂತರು.

"ರೀ," ಎಂದಳು ಹೆಂಡತಿ.

"ಹೂಂ."

"ಫೋನಲ್ಲಿ ಕೇಳ್ತಾ ಇದ್ದೆ."

ಕಂಡಕ್ಟರ್ ಬೆನ್ನು ನೆಟ್ಟಗೆ ಮಾಡಿದ. ಬನಿಯನ್ನನ್ನು ಎಳೆದು ಸರಿಪಡಿಸಿಕೊಂಡ. ಬರುತ್ತಿದೆ. ಮದುವೆಯಾದಂದಿನಿಂದ ಕಾದ ಮಾತು ಕೊನೆಗೂ ತಿರುವು ದಾಟಿ ಬರುತ್ತಿದೆ.

"ನಾನು ಸಾಕು ಅಂದೆ. ಅಷ್ಟೊತ್ತಾದ್ರೆ ನಾವು ಯಾರಾದ್ರೂ ಬಿಟ್ಬಿಡ್ತಿದ್ವಿ. ನೀವು ಬಿಡ್ಲಿಲ್ಲ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಇಂಥ ಮಾತಾಡಿ ಅವಳಿಗೆ ಅಭ್ಯಾಸವಿರಲಿಲ್ಲ. ಟೈಲರಮ್ಮ ಉಸಿರು ಕಟ್ಟಿ ಕಿವಿಯಾದಳು. "ಇಷ್ಟು ದಿನ ನೆಂಟರ ಮುಂದೆಲ್ಲಾ ನಾನು ಏನೇನೋ ಅಂದಿದೀನಿ. ಇವತ್ತು ಮಾತ್ರ ಒಂದು ಮಾತು ಹೇಳ್ಲೇಬೇಕು. ನಿಜವಾಗ್ಲೂ, ನಿಮ್ಮಂಥ…"

ಷೆಡ್ಡಿನ ಕಡೆಯಿಂದ ಒಂದು ಮರಿ ಸಣ್ಣಗೆ ಕುಂಯ್ ಅಂದಿತು.

"ಯಾವನೋ ಸೀಟಿಂದ ಬಿದ್ದ," ಎಂದು ಕಂಡಕ್ಟರ್ ಎದ್ದ. ಹೆಂಡತಿಯ ಬಾಯಿ ತೆರೆದೇ ಇತ್ತು. ಅವನು ಅವಳ ಕಡೆ ತಿರುಗಿಯೂ ನೋಡದೆ, "ಬಂದೆ, ಬಂದೆ, ಅಳ್ಬೇಡ," ಎನ್ನುತ್ತ ಬರಿಗಾಲಲ್ಲಿ ಹಿತ್ತಲಿಗೆ ನಡೆದುಬಿಟ್ಟ.